ಗ್ರಾಂ ಲೆಕ್ಕ

ಬೋಗೊಮಿರ್ ಬಂದೂಕನ್ನು ಮೇಜಿನ ಮೇಲಿಟ್ಟ,
ಹಸುಗೂಸನ್ನು ಸೂಲಗಿತ್ತಿಯ ಕೈಗೆ ಒಪ್ಪಿಸುವ ಹಾಗೆ.
"ನಾಲ್ಕು ಕಿಲೋ ಇನ್ನೂರು. ಮೂರೂವರೆಗೆ ಇಳಿಸು."
ಎದೆ ಸೀಳಿ ಹೊಲಿದ ಡಾಕ್ಟರು ಹೇಳಿದ್ದಾರಂತೆ,
ಇನ್ನು ಏರುದಾರಿಯಲ್ಲಿ ಭಾರ ಹೊರಬೇಡ ಎಂದು.
ಬೆಟ್ಟವನ್ನೇ ಹತ್ತಬೇಡ ಎಂದೂ ಹೇಳಿದ್ದರು;
ಆ ಮಾತು ಅವನ ಕಿವಿಗೆ ಬಿದ್ದಿಲ್ಲ.

ಸ್ತಾನ್ಕಾ ಬಾಗಿಲಲ್ಲೇ ನಿಂತು, ಕೊಡೆ ಮಡಚುತ್ತಾ,
"ಆ ಏಳುನೂರು ಗ್ರಾಂ ಅವನ ಹೊಟ್ಟೆಯಿಂದ ತೆಗಿ ಕಣೇ,
ದುಡ್ಡೂ ಉಳಿಯುತ್ತದೆ."
ಮೂವರೂ ನಕ್ಕೆವು. ಆಮೇಲೆ ನಾನು ತಿರುಪುಳಿ ಹಿಡಿದೆ.

ಬಿಚ್ಚಿದ್ದನ್ನೆಲ್ಲ ಹಳೆ ಟವೆಲ್ ಮೇಲೆ ಸಾಲಾಗಿಟ್ಟು
ಕೇಕಿಗೆ ಹಿಟ್ಟು ತೂಗುವ ತಕ್ಕಡಿಯಲ್ಲಿ ತೂಗಿದೆ.
ದುರ್ಬೀನು ಹಿಡಿದಿಡುವ ಉಕ್ಕಿನ ಬಳೆಗಳು, ಜೋಡಿಗೆ ನೂರ ಎಂಬತ್ತು.
ಅಲ್ಯೂಮಿನಿಯಂ ಆದರೆ ಎಪ್ಪತ್ತು.
ಕುದುರೆಯ ಸುತ್ತಿನ ಕಮಾನು, ತಳದ ತಗಡು: ಅಲ್ಲೂ ಅದೇ ಸಾಕು,
ನೂರ ಇಪ್ಪತ್ತೈದು ಉಳಿತಾಯ.
ಬೋಲ್ಟಿನ ಹಿಡಿಗೆ ಟೈಟಾನಿಯಂ, ಅರವತ್ತು.
ತಿರುಪುಗಳಲ್ಲಿ ಉಳಿಯುವುದು ಆರೇ ಗ್ರಾಂ, ಬೇಕಾ?
ಒಂದು ಗುಲಗಂಜಿಯನ್ನೂ ಬಿಡಬೇಡ ಎಂದ.
ಅಕ್ರೋಟು ಮರದ ಬುಡವನ್ನು ಕೊರೆದು ಪೊಳ್ಳು ಮಾಡಿದೆ,
ನೂರ ಎಂಬತ್ತು ಗ್ರಾಂ ಹೊಟ್ಟು, ಕಾಫಿಪುಡಿಯ ಬಣ್ಣ.
ನಳಿಗೆಯನ್ನು ಮಾತ್ರ ಮುಟ್ಟುವುದಿಲ್ಲ ಎಂದೆ. ಬೆಂಕಿ ಕಾಯುವ ಜಾಗ,
ಅಲ್ಲಿ ಉಕ್ಕೇ ಇರಲಿ.

ಒಟ್ಟು ನಾನೂರ ಎಂಬತ್ತೊಂದು.
ಮಿಕ್ಕಿದ್ದು ಹೊಟ್ಟೆಯಿಂದಲೇ ಆಗಬೇಕು.

ಟೈಟಾನಿಯಂ ಹಠಮಾರಿ. ಅವಸರ ಮಾಡಿದರೆ
ಉಳಿಯ ಬಾಯಿಗೇ ಅಂಟಿಕೊಳ್ಳುತ್ತದೆ. ಅದರ ಸಿಪ್ಪೆಗೆ
ಕಿಡಿ ತಾಗಿದರೆ ಬೆಳ್ಳಗೆ ಉರಿಯುತ್ತದೆ, ನೀರಿಗೂ ಬಗ್ಗುವುದಿಲ್ಲ.
ಅಪ್ಪನ ಕಾಲದಲ್ಲಿ ಟೋಲ್ಮಿನ್‌ನ ಈ ಅಂಗಡಿಗೆ
ಬರುತ್ತಿದ್ದುದು ಕಬ್ಬಿಣ ಮಾತ್ರ:
ನೇಗಿಲ ಗುಳ, ಗರಗಸ, ಒಮ್ಮೊಮ್ಮೆ
ಕ್ರನ್ ಬೆಟ್ಟದಿಂದ ಆಯ್ದು ತಂದ ಶೆಲ್ಲಿನ ಚೂರು.
ನೂರು ವರ್ಷದ ಹಿಂದೆ ಎರಡು ಸೈನ್ಯ ಬಿತ್ತಿ ಹೋದದ್ದು
ಇವತ್ತಿಗೂ ಹಿಮ ಕರಗಿದಾಗ ತಲೆ ಎತ್ತುತ್ತದೆ.

ಕೊಡುವಾಗ ಹೇಳಿದೆ: "ಹಗುರಾದಷ್ಟೂ ಒದೆತ ಜೋರು.
ಕಬ್ಬಿಣ ನುಂಗುತ್ತಿದ್ದುದನ್ನು ಇನ್ನು ನಿನ್ನ ಹೆಗಲು ನುಂಗಬೇಕು."
ಒಂದೇ ಕೈಯಲ್ಲಿ ಎತ್ತಿ, ಹೂವೆತ್ತಿದ ಹಾಗಿದೆ ಎಂದ.

ನವೆಂಬರಿನಲ್ಲಿ ಬಂದ. ಅಂಗಿ ಸರಿಸಿ ತೋರಿಸಿದ:
ಹೊಲಿಗೆಯ ಗೆರೆಗೆ ನಾಲ್ಕು ಬೆರಳು ಆಚೆ
ಕೊಳೆತ ಪ್ಲಮ್ಮಿನ ಬಣ್ಣ, ಅಂಚಿಗೆ ಹಳದಿ.
ಗುರಿ ನಿಲ್ಲಲೇ ಇಲ್ಲವಂತೆ. ಏರಿ ಬಂದ ಎದೆ
ಹೊಡೆದುಕೊಂಡಾಗಲೆಲ್ಲ ನಳಿಗೆಯೂ ಹೊಡೆದುಕೊಂಡಿತಂತೆ.
"ಮೊದಲು ಅದರ ಭಾರವೇ ನನ್ನನ್ನು ಸುಮ್ಮನಿರಿಸುತ್ತಿತ್ತು."
ಕಲ್ಲಿಗೊರಗಿ ಕಾಲು ಗಂಟೆ ಕಾದು, ಹೊಡೆದ.
ಮುದಿ ಗಾಮ್ಸ್, ಒಂದು ಕೊಂಬು ಮುರಿದ ಬೆಟ್ಟದ ಮೇಕೆ.
ಪದ್ಧತಿಯಂತೆ ಅದರ ಬಾಯಿಗೊಂದು ಪೈನ್ ಚಿಗುರಿಟ್ಟು,
ಟೋಪಿ ತೆಗೆದು ನಿಂತು, ಆಮೇಲೆ ಬೆನ್ನಿಗೇರಿಸಿ ಇಳಿದ.

ಎಷ್ಟು ತೂಗಿತು ಎಂದೆ.
ಅವನು ಹೆಂಡತಿಯ ಕಡೆ ನೋಡಿದ. ಅವಳು ಕಿಟಕಿಯಾಚೆ ನೋಡಿದಳು.
"ಇಪ್ಪತ್ತೊಂದು ಕಿಲೋ," ಎಂದಳು. "ನಾನೇ ತೂಗಿದ್ದು."

ಅವನು ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ.
ಸೀಸದ ಗುಂಡುಗಳು, ಬೂದಿ ಬಣ್ಣ, ಬಟಾಣಿಗಿಂತ ದಪ್ಪ;
ಇಳಿಯುವಾಗ ದಮ್ಮು ಕಟ್ಟಿ ಕುಳಿತಲ್ಲಿ ಮಣ್ಣಿನಲ್ಲಿ ಸಿಕ್ಕವು.
ಯಾರ ಸೈನ್ಯದವೋ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
"ಇನ್ನೂರು ಗ್ರಾಂ ವಾಪಸ್ ಹಾಕು."

ನಾನೇ ಕೊರೆದ ಪೊಳ್ಳಿಗೆ ಒಂದೊಂದಾಗಿ ಇಳಿಬಿಟ್ಟು
ಅಲುಗದಂತೆ ಮೇಣ ಹೊಯ್ದೆ. ಹದಿನೆಂಟು ಹಿಡಿದವು.
ಹತ್ತೊಂಬತ್ತನೆಯದಕ್ಕೆ ಜಾಗ ಇರಲಿಲ್ಲ.
ತಕ್ಕಡಿಯ ಮೇಲೇ ಉಳಿದಿದೆ, ಹನ್ನೊಂದು ಗ್ರಾಂ.
ಅಡುಗೆಮನೆಗೆ ಬೇರೆ ತಕ್ಕಡಿ ತರಬೇಕು.